ಆ ರಿಯಾಯಿತಿಯ ದುಡ್ಡು ಯಾರ ಜೇಬಿನಿಂದ ಬರುತ್ತದೆ?

ಪಂಚಮಿ ಹತ್ತಿರ ಬಂತೆಂದರೆ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಫೋನುಗಳಲ್ಲಿ ಇಳಕಲ್ ಸೀರೆಯ ಜಾಹೀರಾತು ಶುರುವಾಗುತ್ತವೆ. ‘ಅಪ್ಪಟ ಕೈಮಗ್ಗದ್ದು, ರೇಷ್ಮೆ ಸೆರಗು, 4,999 ರೂಪಾಯಿಯ ಸೀರೆ ಬರೀ 499ಕ್ಕೆ, ಇವತ್ತು ರಾತ್ರಿ 12ರ ತನಕ ಮಾತ್ರ.’ ಪಕ್ಕದಲ್ಲೇ ಗಡಿಯಾರ ಓಡುತ್ತಿರುತ್ತದೆ. ‘ಇನ್ನು 7 ಸೀರೆ ಮಾತ್ರ ಉಳಿದಿವೆ’ ಅಂತ ಕೆಂಪು ಅಕ್ಷರದಲ್ಲಿ ಬರೆದಿರುತ್ತಾರೆ. ಅದನ್ನು ನೋಡಿದ ಕೈ ತಾನಾಗಿಯೇ ಬಟನ್ ಕಡೆಗೆ ಹೋಗುತ್ತದೆ.

ಹೀಗೆ ದುಡ್ಡು ಕಳೆದುಕೊಂಡವರನ್ನು ‘ಆಸೆಬುರುಕರು’ ಅಂತ ಬೈಯುವವರು ಬಹಳ ಜನ. ನನಗೆ ಅದು ಸರಿ ಅನ್ನಿಸುವುದಿಲ್ಲ. ಹಬ್ಬಕ್ಕೆ ತವರಿಗೆ ಬರುವ ಮಗಳಿಗೆ ಒಂದು ಸೀರೆ ಉಡಿಸಬೇಕು, ಕೈಯಲ್ಲಿ ಇರುವುದು ಸಾವಿರ ರೂಪಾಯಿ. ಅಂಥವರು ಕಡಿಮೆ ರೇಟು ಹುಡುಕದೆ ಇನ್ನೇನು ಮಾಡಬೇಕು? ಕಡಿಮೆ ರೇಟಿಗೆ ಸಿಗುವುದೆಲ್ಲ ಮೋಸವೂ ಅಲ್ಲ. ಹಾಗಾದರೆ ಯಾವುದು ನಿಜವಾದ ಅಗ್ಗ, ಯಾವುದು ಬಲೆ ಅಂತ ತಿಳಿಯುವುದು ಹೇಗೆ? ನನ್ನ ಪ್ರಕಾರ ಇದಕ್ಕೆ ಒಂದು ಪ್ರಶ್ನೆ ಕೇಳಿಕೊಂಡರೆ ಮುಕ್ಕಾಲು ಕೆಲಸ ಮುಗಿಯುತ್ತದೆ. ರೇಟು ಇಷ್ಟು ಇಳಿದಿದೆ, ಸರಿ, ಆ ಇಳಿದ ದುಡ್ಡನ್ನು ತುಂಬಿಕೊಡುತ್ತಿರುವವರು ಯಾರು?

ಸೀರೆಯನ್ನೇ ನೋಡೋಣ. ಇಳಕಲ್ ಸೀರೆಯ ಒಡಲಿನ ಹಾಸು (ಉದ್ದಕ್ಕೆ ಹೋಗುವ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಇಳಕಲ್ ಇರಲಿ, ನಮ್ಮ ಗಜೇಂದ್ರಗಡ, ಬೆಟಗೇರಿ ಇರಲಿ, ನೇಕಾರರ ಓಣಿಗೆ ಹೋಗಿ ಕೇಳಿದರೆ ಯಾರಾದರೂ ಹೇಳುತ್ತಾರೆ: ಕೈಮಗ್ಗದ ಒಂದು ಸೀರೆ ಅಂದರೆ ಹಲವು ದಿನದ ದುಡಿಮೆ. ನೂಲು, ಬಣ್ಣ, ರೇಷ್ಮೆ ಎಲ್ಲ ಬೇರೆ ಖರ್ಚು. 499 ರೂಪಾಯಿಯಲ್ಲಿ ಆ ದಿನಗಳ ಕೂಲಿಯೂ ಹುಟ್ಟುವುದಿಲ್ಲ. ಅದರ ಮೇಲೆ ಪ್ಯಾಕಿಂಗ್, ಕೊರಿಯರ್, ಜಾಹೀರಾತಿನ ಖರ್ಚು ಬೇರೆ. ಯಾವ ನೇಕಾರನೂ ಕೈಯಿಂದ ದುಡ್ಡು ಹಾಕಿ ನಿಮಗೆ ಸೀರೆ ಕಳಿಸುವುದಿಲ್ಲ.

ಆದರೆ ಅದೇ 499ಕ್ಕೆ ಇಳಕಲ್ ಅಂಚಿನ ಮಾದರಿಯ ಪಾಲಿಯೆಸ್ಟರ್ ಸೀರೆ ಧಾರಾಳವಾಗಿ ಸಿಗುತ್ತದೆ. ಪವರ್‌ಲೂಮಿನದು. ಅದನ್ನು ‘ಪವರ್‌ಲೂಮ್, ಪಾಲಿಯೆಸ್ಟರ್’ ಅಂತ ಬರೆದು ಮಾರಿದರೆ ಅದು ಪ್ರಾಮಾಣಿಕ ವ್ಯಾಪಾರ, ತಗೊಳ್ಳಿ, ಉಡಿ. ಅದನ್ನೇ ‘ಕೈಮಗ್ಗ, ರೇಷ್ಮೆ’ ಅಂತ ಕರೆದರೆ ಮೋಸ. ಅಂದರೆ ರೇಟು ಒಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ರೇಟು ಮತ್ತು ಅವರು ಹೇಳುತ್ತಿರುವ ಮಾತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಬ್ಯಾಡಗಿ ಮೆಣಸಿನಕಾಯಿ ಪುಡಿ ಇನ್ನೂ ಸುಲಭದ ಲೆಕ್ಕ. ಹಾವೇರಿ ಜಿಲ್ಲೆಯವರಿಗಂತೂ ಇದನ್ನು ಹೇಳಿಕೊಡಬೇಕಿಲ್ಲ. ಬ್ಯಾಡಗಿ ಎಪಿಎಂಸಿಯಲ್ಲಿ ಕಾಯಿಯ ರೇಟು ಏನು ನಡೆದಿದೆ ಅಂತ ಎಲ್ಲರಿಗೂ ಸಿಗುತ್ತದೆ. ಕಾಯಿ ತಂದು, ತೊಟ್ಟು ಮುರಿದು, ಒಣಗಿಸಿ, ಕುಟ್ಟಿಸಿದರೆ ತೂಕ ಕಡಿಮೆಯಾಗುತ್ತದೆ, ಖರ್ಚು ಜಾಸ್ತಿಯಾಗುತ್ತದೆ. ಹಾಗಿರುವಾಗ ಆನ್‌ಲೈನಿನಲ್ಲಿ ‘ಶುದ್ಧ ಬ್ಯಾಡಗಿ ಪುಡಿ’ ಕಾಯಿಗಿಂತ ಅಗ್ಗಕ್ಕೆ ಹೇಗೆ ಬರುತ್ತದೆ? ಬೇರೆ ಕಾಯಿ ಬೆರೆಸಿರಬೇಕು, ಇಲ್ಲ ಬಣ್ಣ ಹಾಕಿರಬೇಕು, ಇಲ್ಲ ಪುಡಿಯೇ ಬರುವುದಿಲ್ಲ.

ನಮಗೆ ಗೊತ್ತಿರುವ ವಸ್ತುವಿನಲ್ಲಿ ಈ ಲೆಕ್ಕ ತಟ್ಟನೆ ಹೊಳೆಯುತ್ತದೆ. ತೊಂದರೆ ಇರುವುದು ಗೊತ್ತಿಲ್ಲದ ವಸ್ತುಗಳಲ್ಲಿ. ಮೋಸಗಾರರು ಹೆಚ್ಚಾಗಿ ಅಲ್ಲೇ ಕೂತಿರುತ್ತಾರೆ.

ಪವರ್ ಬ್ಯಾಂಕ್ ತಗೊಳ್ಳಿ. ‘1,00,000 ಎಂಎಎಚ್, ಬರೀ 599 ರೂಪಾಯಿ’ ಅಂತ ಜಾಹೀರಾತು ಬರುತ್ತದೆ. ಎಂಎಎಚ್ ಅಂದರೆ ಅದರಲ್ಲಿ ಎಷ್ಟು ಕರೆಂಟು ತುಂಬುತ್ತದೆ ಅನ್ನುವ ಅಳತೆ. ಇಂಥ ಸಾಧನಗಳ ಒಳಗೆ ಹೆಚ್ಚಾಗಿ ಹಾಕುವ ಉರುಟು ಲಿಥಿಯಂ ಸೆಲ್ಲುಗಳಲ್ಲಿ ಒಳ್ಳೆಯ ಕಂಪನಿಯ ಒಂದು ಸೆಲ್ಲಿಗೆ ಸುಮಾರು 3,500 ಎಂಎಎಚ್ ಹಿಡಿಯುತ್ತದೆ, ತೂಕ 45ರಿಂದ 50 ಗ್ರಾಂ. ಒಂದು ಲಕ್ಷ ತುಂಬಬೇಕೆಂದರೆ ಇಂಥ ಸೆಲ್ಲು 28-29 ಬೇಕು. ಬರೀ ಸೆಲ್ಲುಗಳ ತೂಕವೇ ಒಂದೂಕಾಲು ಕಿಲೋ ದಾಟುತ್ತದೆ. ಜಾಹೀರಾತಿನಲ್ಲಿ ಕೆಳಗೆ ಎಲ್ಲೋ ‘ತೂಕ 250 ಗ್ರಾಂ’ ಅಂತ ಬರೆದಿದ್ದರೆ ಆ ಒಂದು ಸಾಲೇ ಸುಳ್ಳನ್ನು ಹಿಡಿದುಕೊಡುತ್ತದೆ. ಇದರಲ್ಲಿ ದುಡ್ಡಿನ ಮಾತು ಮಾತ್ರ ಅಲ್ಲ, ಕಳಪೆ ಲಿಥಿಯಂ ಸೆಲ್ಲು ಬೆಂಕಿ ಹತ್ತಿಕೊಳ್ಳುತ್ತದೆ. ಅದಕ್ಕೇ ನಮ್ಮ ದೇಶದಲ್ಲಿ ಪವರ್ ಬ್ಯಾಂಕಿಗೆ ಬಿಐಎಸ್ (ವಸ್ತುಗಳ ಗುಣಮಟ್ಟ ನೋಡುವ ಕೇಂದ್ರದ ಸಂಸ್ಥೆ) ನೋಂದಣಿ ಕಡ್ಡಾಯ. ವಸ್ತುವಿನ ಮೇಲೆ ‘ಆರ್’ ಅಕ್ಷರದಿಂದ ಶುರುವಾಗುವ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಯಾವ ತಯಾರಕರದು ಅಂತ ತೋರಿಸುತ್ತದೆ. ಚಿನ್ನದ ಹಾಲ್‌ಮಾರ್ಕಿನ ಅಕ್ಷರ, ಅಂಕಿ ಸೇರಿ ಆರು ಇರುವ ಎಚ್‌ಯುಐಡಿ ಗುರುತನ್ನೂ ಅದೇ ಆ್ಯಪಿನಲ್ಲಿ ಪರೀಕ್ಷಿಸಬಹುದು.

‘2 ಟಿಬಿ ಪೆನ್ ಡ್ರೈವ್ 399’ ಅನ್ನುವುದು ಇನ್ನೂ ಕೆಟ್ಟದು. ಇದು ಮನೆಗೆ ಬರುತ್ತದೆ, ಕಂಪ್ಯೂಟರಿಗೆ ಹಾಕಿದರೆ 2 ಟಿಬಿ ಅಂತಲೇ ತೋರಿಸುತ್ತದೆ. ಯಾಕೆಂದರೆ ಒಳಗಿನ ಚಿಪ್ಪಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ನಿಜವಾಗಿ ಇರುವ ಜಾಗ ಬಹಳ ಸಣ್ಣದು, ಅದು ತುಂಬಿದ ಮೇಲೆ ಹಾಕಿದ್ದು ಹಳೆಯದರ ಮೇಲೆಯೇ ಕೂರುತ್ತದೆ, ಇಲ್ಲ ಎಲ್ಲೂ ಉಳಿಯುವುದಿಲ್ಲ. ಮದುವೆಯ ಫೋಟೋ ತುಂಬಿಟ್ಟವರಿಗೆ ಅದು ಗೊತ್ತಾಗುವುದು ತಿಂಗಳುಗಟ್ಟಲೆ ಆದ ಮೇಲೆ, ಒಂದು ಫೋಟೋ ತೆರೆಯಲು ಹೋದಾಗ. ಅಷ್ಟರಲ್ಲಿ ಮಾರಿದವನು ಎಲ್ಲಿರುತ್ತಾನೆ?

ನಿಜವಾದ ಅಗ್ಗಕ್ಕೆ ಯಾವಾಗಲೂ ಒಂದು ಕಾರಣ ಇರುತ್ತದೆ, ಅದನ್ನು ಕೇಳಿದರೆ ಹೇಳುತ್ತಾರೆ. ಹಳೆಯ ಮಾಡೆಲ್ ಖಾಲಿ ಮಾಡಬೇಕು, ಹೊಸದು ಬಂದಿದೆ. ಬ್ಯಾಂಕು ತನ್ನ ಕಾರ್ಡು ಬಳಸಲಿ ಅಂತ ಶೇ. 10 ಭರಿಸುತ್ತದೆ. ಸೀಸನ್ ಮುಗಿದಿದೆ. ಒಂದೇ ಸೈಜು ಉಳಿದಿದೆ. ಇವೆಲ್ಲದರಲ್ಲೂ ಕಡಿಮೆಯಾದ ದುಡ್ಡನ್ನು ಯಾರು ಹೊರುತ್ತಿದ್ದಾರೆ ಅಂತ ಕಾಣುತ್ತದೆ. ಜತೆಗೆ ರಿಯಾಯಿತಿಗೂ ಒಂದು ಮಿತಿ ಇರುತ್ತದೆ. ಹೊಚ್ಚಹೊಸ ದುಬಾರಿ ಫೋನು ಅರ್ಧ ಬೆಲೆಗೆ ಎಲ್ಲೂ ಬರುವುದಿಲ್ಲ, ದಸರಾ ಇರಲಿ ದೀಪಾವಳಿ ಇರಲಿ. ಇನ್ನು ‘ಶೇ. 90 ಕಡಿತ’ ಅನ್ನುವಾಗ ಆ ಎಂಆರ್‌ಪಿಯನ್ನು ನಂಬಬೇಡಿ. ಅದಕ್ಕಿಂತ ಜಾಸ್ತಿಗೆ ಮಾರಬಾರದು ಅಂತ ಕಾನೂನು ಹೇಳುತ್ತದೆ ನಿಜ, ಆದರೆ ಚೀಟಿಯ ಮೇಲೆ ಎಂಆರ್‌ಪಿ ಬರೆಯುವವರು ವಸ್ತು ತಯಾರಿಸಿದವರೇ. 300 ರೂಪಾಯಿ ಬಾಳುವ ವಾಚಿಗೆ 2,999 ಅಂತ ಬರೆದು ಅದನ್ನು ಕಾಟು ಹೊಡೆದು 299 ಅಂತ ತೋರಿಸಿದರೆ ಅಲ್ಲಿ ರಿಯಾಯಿತಿ ಅನ್ನುವುದೇ ಇಲ್ಲ. ಅದೇ ವಸ್ತು ಇನ್ನೂ ಎರಡು ಕಡೆ ಎಷ್ಟಕ್ಕಿದೆ ಅಂತ ನೋಡಿದರೆ ಸಾಕು.

ಕಾರಣ ಕಾಣದ ಅಗ್ಗದಲ್ಲಿ ಆ ದುಡ್ಡು ನಿಮ್ಮಿಂದಲೇ ಹೋಗುತ್ತದೆ. ಹೇಗೆ ಹೋಗುತ್ತದೆ ಅನ್ನುವುದು ಬೇರೆ ಬೇರೆ.

ಒಂದು, ವಸ್ತುವೇ ಬರುವುದಿಲ್ಲ. ಇಂಥ ಅಂಗಡಿಗಳು ಮುಂಗಡ ಮಾತ್ರ ತಗೊಳ್ಳುತ್ತವೆ. ಇನ್ನೊಂದು, ಕ್ಯಾಶ್ ಆನ್ ಡೆಲಿವರಿ ಇರುತ್ತದೆ, ಪಾರ್ಸೆಲ್ಲೂ ಬರುತ್ತದೆ, ಒಳಗೆ ಹರಕು ಬಟ್ಟೆ. ‘ಮನೆಗೆ ಬಂದ ಮೇಲೆ ತಾನೇ ದುಡ್ಡು ಕೊಡೋದು, ಏನು ಭಯ’ ಅಂತ ಬಹಳ ಮಂದಿ ಅಂದುಕೊಂಡಿದ್ದಾರೆ. ಆದರೆ ಸಾಮಾನ್ಯವಾಗಿ ದುಡ್ಡು ಕೊಡುವ ಮುಂಚೆ ಪೊಟ್ಟಣ ಬಿಚ್ಚಲು ಬಿಡುವುದಿಲ್ಲ, ಅದು ಕೊರಿಯರ್ ಹುಡುಗನ ತಪ್ಪೂ ಅಲ್ಲ, ಅವನಿಗೆ ಇರುವ ಸೂಚನೆಯೇ ಹಾಗೆ. ಕೆಲವು ದೊಡ್ಡ ತಾಣಗಳಲ್ಲಿ ಎದುರಿಗೇ ಬಿಚ್ಚಿ ತೋರಿಸಿ ಕೊಡುವ ವ್ಯವಸ್ಥೆ ಇದೆ, ದುಬಾರಿ ವಸ್ತುವಿಗೆ ಅದನ್ನೇ ಆರಿಸಿ. ಇಲ್ಲದಿದ್ದರೆ ಬಿಚ್ಚುವಾಗ ಚೀಟಿ ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ.

ಇದರಲ್ಲೇ ನನಗೆ ಬಹಳ ಸಿಟ್ಟು ತರಿಸುವ ಒಂದು ಬಗೆ ಇದೆ. ಯಾರೂ ತರಿಸದ ಪಾರ್ಸೆಲ್ಲು ಮನೆಗೆ ಬರುತ್ತದೆ. ಮನೆಯಲ್ಲಿ ವಯಸ್ಸಾದ ಅವ್ವ ಒಬ್ಬರೇ ಇರುತ್ತಾರೆ. ‘ನಿಮ್ಮ ಮಗ ತರಿಸ್ಯಾರ್ರೀ, 650 ರೂಪಾಯಿ ಕೊಡ್ರಿ’ ಅಂದರೆ ಮಗನ ಹೆಸರು, ವಿಳಾಸ ಎಲ್ಲ ಸರಿ ಇದೆಯಲ್ಲ ಅಂತ ಅವರು ಸೆರಗಿನ ಗಂಟು ಬಿಚ್ಚಿ ಕೊಟ್ಟುಬಿಡುತ್ತಾರೆ. ಆ ಹೆಸರು, ವಿಳಾಸ ಹಿಂದೆ ಎಲ್ಲೋ ಮಾಡಿದ ಆರ್ಡರಿನಿಂದ ಸೋರಿಹೋಗಿರುತ್ತದೆ. ಇವತ್ತೇ ಮನೆಯಲ್ಲಿ ಹೇಳಿಡಿ: ‘ನನಗ ಫೋನ್ ಮಾಡ್ಲಾರದ ರೊಕ್ಕ ಕೊಡಬ್ಯಾಡ್ರಿ.’

ಮೂರನೆಯದು, ಅವರಿಗೆ ಬೇಕಿರುವುದು ನಿಮ್ಮ 49 ರೂಪಾಯಿ ಅಲ್ಲ. ‘ಫೋನು ಉಚಿತ, ಕೊರಿಯರ್ ಖರ್ಚು ಮಾತ್ರ 49’ ಅಂತ ಕಾರ್ಡಿನ ವಿವರ ಪೂರ್ತಿ ಬರೆಸಿಕೊಳ್ಳುತ್ತಾರೆ. ನಮ್ಮ ದೇಶದೊಳಗೆ ಆನ್‌ಲೈನ್ ಕಾರ್ಡ್ ಪಾವತಿಗೆ ಸಾಮಾನ್ಯವಾಗಿ ಒಟಿಪಿ ಬೇಕೇ ಬೇಕು, ಆದರೆ ಕೆಲವು ವಿದೇಶಿ ತಾಣಗಳಲ್ಲಿ ಒಟಿಪಿ ಇಲ್ಲದೆಯೂ ದುಡ್ಡು ಕಡಿತವಾಗುತ್ತದೆ. ಇದಕ್ಕೆ ಸುಲಭದ ಬೀಗ ಒಂದಿದೆ. 2020ರ ಆರ್‌ಬಿಐ ನಿಯಮದಂತೆ ವಿದೇಶಿ ವ್ಯವಹಾರವನ್ನು ನಾವೇ ಬೇಕಾದಾಗ ಆನ್, ಬೇಡವಾದಾಗ ಆಫ್ ಮಾಡಿಕೊಳ್ಳಬಹುದು. ಬ್ಯಾಂಕಿನ ಆ್ಯಪಿಗೆ ಹೋಗಿ ಆಫ್ ಮಾಡಿಟ್ಟುಬಿಡಿ.

ಈಗ ಆ ಗಡಿಯಾರದ ವಿಷಯ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸೀರೆ ತಗೊಳ್ಳುವಾಗ ನಾವು ಏನು ಮಾಡುತ್ತೇವೆ? ಬಟ್ಟೆ ಮುಟ್ಟಿ ನೋಡುತ್ತೇವೆ, ಬಿಡಿಸಿ ಬೆಳಕಿಗೆ ಹಿಡಿಯುತ್ತೇವೆ, ರೇಟು ಕೇಳಿ ಮುಖ ತಿರುಗಿಸಿ ನಾಲ್ಕು ಹೆಜ್ಜೆ ನಡೆಯುತ್ತೇವೆ, ಪಕ್ಕದ ಅಂಗಡಿ ಹೊಕ್ಕು ಬರುತ್ತೇವೆ. ಜತೆಗೆ ಬಂದ ವೈನಿ ‘ಬ್ಯಾಡ ಬಿಡ್ರಿ, ಬಣ್ಣ ಹೋಗತೈತಿ’ ಅಂತಾರೆ. ಅಂಗಡಿಯವರು ನಾಳೆಯೂ ಅಲ್ಲೇ ಇರುತ್ತಾರೆ. ಇವೆಲ್ಲ ನಮಗೆ ಗೊತ್ತಿಲ್ಲದೆಯೇ ನಮ್ಮನ್ನು ಕಾಯುತ್ತವೆ. ಫೋನಿನಲ್ಲಿ ಮುಟ್ಟುವುದಂತೂ ಆಗುವುದಿಲ್ಲ, ಉಳಿಯುವುದು ಸಮಯ ಒಂದೇ. ಇನ್ನೊಂದು ಕಡೆ ರೇಟು ನೋಡುವ, ಯಾರನ್ನಾದರೂ ಕೇಳುವ ಸಮಯ. ಓಡುವ ಗಡಿಯಾರ ಕಿತ್ತುಕೊಳ್ಳುವುದು ಅದನ್ನೇ. ಪುಟ ಮುಚ್ಚಿ ಮತ್ತೆ ತೆರೆದು ನೋಡಿ, ಬಹಳ ಕಡೆ ಅದು ಮೊದಲಿನಿಂದ ಶುರುವಾಗುತ್ತದೆ. ಹಾಗಾದರೆ ಅದು ಸುಮ್ನೆ ಇಟ್ಟ ಬೊಂಬೆ, ಅಲ್ವಾ? ಇಂಥ ಸುಳ್ಳು ಅವಸರವನ್ನು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಅದರಲ್ಲಿ ಹೆಸರಿಸಿರುವ 13 ಕುತಂತ್ರಗಳಲ್ಲಿ ಇದೂ ಒಂದು. ನಮ್ಮನ್ನು ಕೇಳದೆ ಬುಟ್ಟಿಗೆ ಇನ್ನೊಂದು ವಸ್ತು ಸೇರಿಸುವುದು ಮತ್ತೊಂದು.

ನಕಲಿ ಅಂಗಡಿ ಕಟ್ಟಲು ಹೆಚ್ಚು ಕಷ್ಟ ಇಲ್ಲ. ಸಿದ್ಧ ಮಾದರಿಯ ತಾಣ ಸಿಗುತ್ತದೆ, ಫೋಟೋಗಳನ್ನು ಬೇರೆಯವರಿಂದ ಕದಿಯುತ್ತಾರೆ, ಹೊಗಳಿಕೆಯ ಮಾತುಗಳನ್ನು ತಾವೇ ಬರೆದುಕೊಳ್ಳುತ್ತಾರೆ. ಕೆಲವು ದಿನ ಜಾಹೀರಾತಿಗೆ ದುಡ್ಡು ಸುರಿಯುತ್ತಾರೆ. ದೂರು ಜಾಸ್ತಿಯಾಗುವಷ್ಟರಲ್ಲಿ ಮುಚ್ಚಿ, ಬೇರೆ ಹೆಸರಿನಲ್ಲಿ ಮತ್ತೆ ತೆರೆಯುತ್ತಾರೆ. ದೊಡ್ಡ ಸಾಮಾಜಿಕ ಜಾಲತಾಣದಲ್ಲಿ ಜಾಹೀರಾತು ಬಂದಿದೆ ಅಂದರೆ ಯಾರೋ ದುಡ್ಡು ಕಟ್ಟಿದ್ದಾರೆ ಅಂತ ಮಾತ್ರ ಅರ್ಥ. ಯಾರೋ ಪರೀಕ್ಷೆ ಮಾಡಿ ಬಿಟ್ಟಿದ್ದಾರೆ ಅಂತ ತಿಳಿಯಬೇಡಿ.

ವಿಳಾಸ ಓದುವುದನ್ನು ಕಲಿತರೆ ಅರ್ಧ ನಕಲಿಗಳು ಅಲ್ಲೇ ಸಿಕ್ಕಿಬೀಳುತ್ತವೆ. ಬ್ರೌಸರಿನ ಮೇಲಿನ ಸಾಲಿನಲ್ಲಿ ಶುರುವಿನ ‘https://’ ಬಿಟ್ಟು, ಆಮೇಲೆ ಮೊದಲು ಬರುವ ಓರೆಗೆರೆಯ (/) ತನಕ ಬಂದು ನಿಲ್ಲಿ, ಅಲ್ಲಿಂದ ಹಿಂದಕ್ಕೆ ಓದಿ. ‘ಡಾಟ್ ಕಾಂ’, ‘ಡಾಟ್ ಇನ್’ ಥರದ್ದು ಸಿಗುತ್ತದೆ. ಅದಕ್ಕೆ ತಗುಲಿಕೊಂಡು ಎಡಕ್ಕಿರುವ ಪದವೇ ನಿಜವಾದ ಮಾಲೀಕ. ಅದಕ್ಕೂ ಹಿಂದೆ ಚುಕ್ಕಿ ಇಟ್ಟು ಯಾವ ಹೆಸರನ್ನಾದರೂ ಬರೆಯಬಹುದು. ಫ್ಲಿಪ್‌ಕಾರ್ಟ್, ಚುಕ್ಕಿ, ಮೆಗಾಆಫರ್, ಡಾಟ್ ಶಾಪ್ ಅಂತ ಇದ್ದರೆ ಅದು ಫ್ಲಿಪ್‌ಕಾರ್ಟಿನದಲ್ಲ, ಮೆಗಾಆಫರ್ ಅನ್ನುವ ಯಾರದೋ ತಾಣ. ಪಕ್ಕದಲ್ಲಿ ಬೀಗದ ಚಿತ್ರ ಇದೆ ಅಂತ ಸಮಾಧಾನ ಪಡಬೇಡಿ. ನಿಮ್ಮ ಫೋನಿಗೂ ಆ ತಾಣಕ್ಕೂ ನಡುವೆ ಹೋಗುವ ಮಾಹಿತಿಯನ್ನು ಬೇರೆಯವರು ಓದಲಾರರು ಅಂತ ಆ ಬೀಗ ಹೇಳುತ್ತದೆ. ಆ ಕಡೆ ಕೂತವನು ಕಳ್ಳನೋ ಅಲ್ಲವೋ ಅಂತ ಅದು ಹೇಳುವುದಿಲ್ಲ. ಅದನ್ನು ಪಡೆಯಲು ಪುಕ್ಕಟೆ ದಾರಿಗಳಿವೆ, ಕಳ್ಳರೂ ಪಡೆಯುತ್ತಾರೆ. ‘ಹೂಈಸ್’ (whois) ಅಂತ ಹುಡುಕಿ ತಾಣದ ಹೆಸರು ಹಾಕಿದರೆ ಅದು ಯಾವಾಗ ನೋಂದಣಿಯಾಗಿದೆ ಅಂತ ಗೊತ್ತಾಗುತ್ತದೆ. ‘30 ವರ್ಷದ ನಂಬಿಕೆಯ ಮಳಿಗೆ’ ಅಂತ ಬರೆದುಕೊಂಡ ತಾಣ ಹೋದ ವಾರ ಹುಟ್ಟಿದ್ದರೆ ಮುಚ್ಚಿ ಹೊರಬನ್ನಿ.

ಹೊಸ ತಾಣ ಆದ ಮಾತ್ರಕ್ಕೆ ಕಳ್ಳ ತಾಣ ಅಂತೇನಿಲ್ಲ. ಗಜೇಂದ್ರಗಡದ ನೇಕಾರರ ಮಗಳೊಬ್ಬಳು ಇವತ್ತು ಹೊಸದಾಗಿ ಪುಟ ತೆರೆದು ಸೀರೆ ಮಾರಬಹುದು, ನವಲಗುಂದದಲ್ಲಿ ಜಮಖಾನೆ ನೇಯುವ ಹೆಣ್ಣುಮಕ್ಕಳೂ ಮಾರಬಹುದು. ಅಂಥವರಿಗೆ ಈ ನಕಲಿಗಳಿಂದ ಆಗುವ ಪೆಟ್ಟು ಬಹಳ ದೊಡ್ಡದು. 399ರ ‘ನವಲಗುಂದ ಜಮಖಾನೆ’ ನೋಡಿದವರು ನಿಜವಾದದ್ದರ ರೇಟು ಕೇಳಿ ‘ಲೂಟಿ’ ಅನ್ನುತ್ತಾರೆ. ಹಾಗಾಗಿ ಹೊಸಬರಿಂದ ಕೊಳ್ಳುವಾಗ ಫೋನ್ ಮಾಡಿ, ಮಗ್ಗದ ವಿಡಿಯೊ ಕೇಳಿ, ಊರಿನ ಹೆಸರು ಕೇಳಿ. ನಿಜವಾಗಿ ನೇಯುವವರು ಖುಷಿಯಿಂದ ತೋರಿಸುತ್ತಾರೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟ ತಾಣಗಳು ಕಂಪನಿಯ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ವಿವರ ಕೊಡಲೇಬೇಕು. ಆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತು ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಪುಟದಲ್ಲಿ ಬರೀ ಒಂದು ವಾಟ್ಸ್ಯಾಪ್ ನಂಬರ್ ಇದ್ದರೆ ನಿಮಗೆ ಸಿಟ್ಟು ಬಂದಾಗ ಹೋಗಿ ನಿಲ್ಲಲು ಜಾಗ ಇಲ್ಲ ಅಂತ ತಿಳಿಯಿರಿ.

ದುಡ್ಡು ಕಳಿಸುವ ಕೊನೆಯ ಕ್ಷಣದಲ್ಲೂ ಒಂದು ಅವಕಾಶ ಇದೆ. ಯುಪಿಐನಲ್ಲಿ ಪಿನ್ ಒತ್ತುವ ಮುಂಚೆ ದುಡ್ಡು ಯಾರಿಗೆ ಹೋಗುತ್ತಿದೆ ಅಂತ ಹೆಸರು ತೋರಿಸುತ್ತದೆ. ಪುಟದಲ್ಲಿ ದೊಡ್ಡ ಕಂಪನಿಯ ಹೆಸರಿದ್ದು, ಇಲ್ಲಿ ಯಾರೋ ಒಬ್ಬ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ. ಮೊತ್ತವನ್ನೂ ಓದಿ. ಯುಪಿಐನಲ್ಲಿ ಒಮ್ಮೆ ಹೋದ ದುಡ್ಡನ್ನು ನಾವೇ ವಾಪಸ್ ಎಳೆದುಕೊಳ್ಳಲು ಬಟನ್ ಇಲ್ಲ.

ಹಳೆಯ ವಸ್ತು ಕೊಳ್ಳುವ, ಮಾರುವ ಕಡೆಯೂ ಇದೇ ಕತೆ. ‘ನಾನು ಸೈನ್ಯದಲ್ಲಿದ್ದೇನೆ, ಬೇರೆ ಕಡೆ ವರ್ಗ ಆಗಿದೆ, ಸ್ಕೂಟಿ ಕಡಿಮೆಗೆ ಕೊಟ್ಟುಬಿಡುತ್ತೇನೆ’ ಅಂತ ಗುರುತಿನ ಚೀಟಿಯ ಫೋಟೋ ಕಳಿಸುತ್ತಾರೆ. ಸೈನಿಕರ ಮೇಲೆ ನಮಗಿರುವ ಗೌರವವನ್ನೇ ಹೀಗೆ ಬಳಸಿಕೊಳ್ಳುತ್ತಾರೆ. ಗಾಡಿ ಕಣ್ಣಿಗೆ ಕಾಣದೆ ಮುಂಗಡ ಕೊಡಬೇಡಿ. ಮಾರುವವರಿಗೆ ‘ದುಡ್ಡು ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಅನ್ನುತ್ತಾರೆ. ದುಡ್ಡು ಬರುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ. ಪಿನ್ ಕೇಳಿತು ಅಂದರೆ ದುಡ್ಡು ಹೋಗುತ್ತಿದೆ. ರೈತರಿಗೆ ಸೋಲಾರ್ ಪಂಪ್‌ಸೆಟ್ ಆಸೆ ತೋರಿಸಿ ‘ನೋಂದಣಿ ಶುಲ್ಕ’ ಕಟ್ಟಿಸಿಕೊಳ್ಳುವ ನಕಲಿ ಪಿಎಂ-ಕುಸುಮ್ ತಾಣಗಳ ಬಗ್ಗೆ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಹಲವು ಸಲ ಎಚ್ಚರಿಸಿದೆ. ಸರ್ಕಾರದ ತಾಣದ ವಿಳಾಸ ‘ಡಾಟ್ ಗವ್ ಡಾಟ್ ಇನ್’ ಅಂತ ಮುಗಿಯುತ್ತದೆಯೇ ನೋಡಿ.

ಇಷ್ಟೆಲ್ಲ ಆದ ಮೇಲೂ ದುಡ್ಡು ಹೋದರೆ? ನಾಚಿಕೊಂಡು ಸುಮ್ಮನೆ ಕೂರಬೇಡಿ, ದಯವಿಟ್ಟು. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅವಸರ ಯಾಕೆ ಅಂದರೆ, ನಿಮ್ಮ ದುಡ್ಡು ಮೊದಲು ಬಾಡಿಗೆಗೆ ಪಡೆದ ಯಾರದೋ ಖಾತೆಗೆ ಬೀಳುತ್ತದೆ. ಅಲ್ಲಿಂದ ಇನ್ನೊಂದು ಖಾತೆಗೆ, ಮತ್ತೊಂದಕ್ಕೆ, ಕೊನೆಗೆ ಎಟಿಎಂನಿಂದ ಹೊರಗೆ. 1930ರಲ್ಲಿ ದೂರು ದಾಖಲಾದರೆ ಆ ಸರಪಳಿಯ ಬ್ಯಾಂಕುಗಳಿಗೆ ಸುದ್ದಿ ಹೋಗುತ್ತದೆ, ದುಡ್ಡು ಇನ್ನೂ ಎಲ್ಲಾದರೂ ಇದ್ದರೆ ಅಲ್ಲೇ ತಡೆಹಿಡಿಯುತ್ತಾರೆ. ತಡವಾದಷ್ಟೂ ಅದು ಕೈಮೀರುತ್ತದೆ. ಫೋನ್ ಮಾಡುವಾಗ ಯುಪಿಐ ವ್ಯವಹಾರದ 12 ಅಂಕಿಯ ಯುಟಿಆರ್ ನಂಬರ್, ಸಮಯ, ಮೊತ್ತ ಕೈಯಲ್ಲಿರಲಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ, ನಿಮ್ಮ ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡುವ (ಸಿಇಎನ್) ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ಬ್ಯಾಂಕಿಗೂ ಆಗಲೇ ತಿಳಿಸಿ. ಕಾರ್ಡಿನಿಂದ ಹೋಗಿದ್ದರೆ ‘ಚಾರ್ಜ್‌ಬ್ಯಾಕ್’ ಕೇಳಿ, ಅಂದರೆ ಆ ದುಡ್ಡನ್ನು ಮಾರಿದವರ ಕಡೆಯಿಂದ ವಾಪಸ್ ತರಿಸಲು ಹೇಳಿ. ನಿಮಗೆ ಗೊತ್ತಿಲ್ಲದೆ, ನಿಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ದುಡ್ಡು ಹೋಗಿದ್ದು, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರುವುದಿಲ್ಲ ಅಂತ 2017ರ ಆರ್‌ಬಿಐ ನಿಯಮ ಹೇಳುತ್ತದೆ. ಆದರೆ ನೀವೇ ಪಿನ್ ಒತ್ತಿ ಕಳಿಸಿದ ದುಡ್ಡಿಗೆ ಆ ರಕ್ಷಣೆಯನ್ನು ನಂಬಿಕೊಳ್ಳಬೇಡಿ.

ದುಡ್ಡು ಕಳೆದುಕೊಂಡ ಮೇಲೆ ಇನ್ನೊಂದು ಬಲೆ ಕಾದಿರುತ್ತದೆ. ‘ರಿಫಂಡ್ ವಿಭಾಗದಿಂದ ಮಾತಾಡುತ್ತಿದ್ದೇವೆ’ ಅಂತ ಫೋನ್ ಬರುತ್ತದೆ. ಗೂಗಲ್‌ನಲ್ಲಿ ಹುಡುಕಿದ ಕಸ್ಟಮರ್ ಕೇರ್ ನಂಬರ್ ಕೂಡ ಎಷ್ಟೋ ಸಲ ಅವರದೇ ಆಗಿರುತ್ತದೆ. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುತ್ತಾರೆ, ವಾಟ್ಸ್ಯಾಪಿನಲ್ಲಿ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಕಳಿಸುತ್ತಾರೆ, ಇಲ್ಲ ಸ್ಟಾರ್‌ನಿಂದ ಶುರುವಾಗುವ ಯಾವುದೋ ನಂಬರ್ ಒತ್ತಿಸುತ್ತಾರೆ. ಅದನ್ನು ಒತ್ತಿದರೆ ನಿಮ್ಮ ಕರೆಗಳೆಲ್ಲ ಅವರ ಫೋನಿಗೆ ತಿರುಗುತ್ತವೆ, ಕರೆಯಲ್ಲಿ ಬರುವ ಒಟಿಪಿಯೂ ಸೇರಿ. ಹಾಗೆ ಒತ್ತಿಬಿಟ್ಟಿದ್ದರೆ ##002# ಡಯಲ್ ಮಾಡಿ, ತಿರುಗಿಸಿದ್ದೆಲ್ಲ ರದ್ದಾಗುತ್ತದೆ.

ವಸ್ತು ಬಂದಿದೆ ಆದರೆ ಕಳಪೆ, ಮಾರಿದವರು ಎಲ್ಲಿದ್ದಾರೆ ಅಂತಲೂ ಗೊತ್ತಿದೆ, ಆದರೆ ದುಡ್ಡು ವಾಪಸ್ ಕೊಡುತ್ತಿಲ್ಲ ಅನ್ನುವವರಿಗೆ ದಾರಿ ಬೇರೆ. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಇದೆ. ಮಾರಿದವರು ದಿಲ್ಲಿಯಲ್ಲಿರಲಿ ಸೂರತ್‌ನಲ್ಲಿರಲಿ, 2019ರ ಗ್ರಾಹಕರ ಕಾಯ್ದೆಯ ಪ್ರಕಾರ ನೀವು ಇರುವ ಊರಿನಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, ವಕೀಲರು ಕಡ್ಡಾಯವೂ ಅಲ್ಲ. ಎರಡು ವರ್ಷದೊಳಗೆ ಹಾಕಬೇಕು. ಅದಕ್ಕೆ ಬೇಕಾಗುವ ಪುರಾವೆಯನ್ನು ಮಾತ್ರ ಆವತ್ತೇ ಎತ್ತಿಟ್ಟುಕೊಳ್ಳಿ: ಜಾಹೀರಾತಿನ ಸ್ಕ್ರೀನ್‌ಶಾಟ್, ವಿಳಾಸ ಕಾಣುವಂತೆ ತಾಣದ ಪುಟ, ಪಾವತಿಯ ರಸೀದಿ, ಅವರ ಜತೆ ನಡೆದ ಮೆಸೇಜು, ಪಾರ್ಸೆಲ್ ಮೇಲಿನ ಚೀಟಿ. ನಾಳೆ ನೋಡೋಣ ಅಂತ ಬಿಟ್ಟರೆ ಆ ಪುಟವೇ ತೆರೆಯದೆ ಹೋಗಬಹುದು.